ಶಿಶಿಲದಿಂದ ಭೈರಾಪುರಕ್ಕೆ, ಅಳಿಸಿಹೋದ ದಾರಿಯಲ್ಲಿ

ಎತ್ತಿನಭುಜದ ತುದಿಗೆ ಹೋಗಲು ಈಗ ಯಾರೂ ದಾರಿ ಹುಡುಕಬೇಕಾಗಿಲ್ಲ. ಮೂಡಿಗೆರೆ ಕಡೆಯಿಂದ ಭೈರಾಪುರದವರೆಗೆ ಗಾಡಿ ಬರುತ್ತದೆ. ಅಲ್ಲಿಂದ ಕಾಲುದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಬೆಟ್ಟದ ಬುಡ, ಆಮೇಲೆ ಬಂಡೆ ಏರು, ಮುಗಿಯಿತು. ರಜೆ ದಿನವಾದರೆ ಮುಂದಿನವರ ಬೆನ್ನು ನೋಡಿಕೊಂಡು ಹೋದರೆ ಸಾಕು.

ಆದರೆ ಈ ಬೆಟ್ಟಕ್ಕೆ ಇನ್ನೊಂದು ಮಗ್ಗುಲಿದೆ. ಪಶ್ಚಿಮಕ್ಕೆ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಡೆಗೆ, ಅದು ಸಾವಿರ ಮೀಟರಿಗೂ ಜಾಸ್ತಿ ಇಳಿಯುತ್ತದೆ. ಹೆಚ್ಚೂಕಡಿಮೆ ಅಷ್ಟೂ ಕಾಡು. ಘಟ್ಟದ ಕೆಳಗಿನವರು, ಮೇಲಿನವರು ನಡೆದು ಓಡಾಡಿದ ಕಾಲುದಾರಿಯೊಂದು ಆ ಕಾಡಿನೊಳಗಿತ್ತು. ಈಗಲೂ ಇದೆಯಾ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮಗೆ ಆ ಕಡೆಯಿಂದ ಹತ್ತುವ ಆಸೆ.

ನಾನು, ತಮ್ಮ, ಭಾವ ಹೊರಟದ್ದು ನವೆಂಬರ್ ಕೊನೆಯಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟಲು ಆಗುವುದಿಲ್ಲ. ಬೇಸಿಗೆ ಬಂತೆಂದರೆ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ಎಷ್ಟೋ ಬೆಟ್ಟಗಳನ್ನು ಮುಚ್ಚಿಬಿಡುತ್ತದೆ. ನಡುವೆ ಸಿಗುವ ತಿಂಗಳುಗಳೇ ಸರಿ. ಬೆಟ್ಟದ ಬುಡ ದಕ್ಷಿಣ ಕನ್ನಡ ಜಿಲ್ಲೆ, ತಲೆ ಚಿಕ್ಕಮಗಳೂರು. ಹಾಗಾಗಿ ಎರಡೂ ಕಡೆಯ ಅರಣ್ಯ ಕಚೇರಿಗಳಲ್ಲಿ ಮಾತಾಡಬೇಕಾಯಿತು. ಮೇಲಿನ ಮಾಮೂಲಿ ದಾರಿಗಾದರೆ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ತೆಗೆದುಕೊಂಡರೆ ಆಯಿತು. ಕೆಳಗಿನ ಕಾಡಿಗೆ ಬೇರೆಯಾಗಿ ಕೇಳಬೇಕು, ಕಾಯಬೇಕು. ನಮಗೆ ಹೇಳಿದ್ದು ಇಷ್ಟು: ಊರಿನವರೊಬ್ಬರು ಜೊತೆಗಿರಬೇಕು, ಬೆಂಕಿ ಹಾಕಬಾರದು, ಕಾಡಿನಲ್ಲಿ ರಾತ್ರಿ ಉಳಿಯಬಾರದು. ಒಪ್ಪಿಗೆ ಇಲ್ಲದೆ ಸುಮ್ನೆ ನುಗ್ಗುವವರೂ ಇದ್ದಾರೆ. ಇದು ಮೀಸಲು ಅರಣ್ಯ, ಸಿಕ್ಕಿಬಿದ್ದರೆ ಕೇಸು. ಅದಕ್ಕಿಂತ ದೊಡ್ಡ ಮಾತೆಂದರೆ, ಒಳಗೆ ಕಾಲು ಮುರಿದುಕೊಂಡರೆ ನೀವು ಅಲ್ಲಿದ್ದೀರಿ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ದಿನ: ಸೌತಡ್ಕ, ಶಿಶಿಲ

ರಾತ್ರಿ ಬಸ್ಸು ಬೆಳಿಗ್ಗೆ ಧರ್ಮಸ್ಥಳದಲ್ಲಿ ಇಳಿಸಿತು. ಬಿಸಿ ಬನ್ಸ್ ತಿಂದು ಕೊಕ್ಕಡದ ಬಸ್ಸು ಹತ್ತಿದೆವು. ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಗಣಪತಿ ಇದ್ದಾನೆ. ಅವನಿಗೆ ಗರ್ಭಗುಡಿ ಇಲ್ಲ, ಮಾಡು ಇಲ್ಲ. ಮಳೆ ಬಿಸಿಲಿಗೆ ಬಯಲಲ್ಲೇ ಕೂತಿದ್ದಾನೆ. ಸುತ್ತಲೂ ಹರಕೆಯ ಗಂಟೆಗಳು, ಬೆರಳಷ್ಟು ಸಣ್ಣದರಿಂದ ಹಿಡಿದು ಇಬ್ಬರು ಹೊರಬೇಕಾದಷ್ಟು ದೊಡ್ಡದರವರೆಗೆ. ಪ್ರಸಾದಕ್ಕೆ ಅವಲಕ್ಕಿ ಪಂಚಕಜ್ಜಾಯ. ಭಾವ ಅದನ್ನು ಎರಡು ಪೊಟ್ಟಣ ಜಾಸ್ತಿ ತೆಗೆದುಕೊಂಡರು. "ನಾಳೆ ಕಾಡಲ್ಲಿ ಇದೇ ಊಟ" ಅಂದರು. ತಮ್ಮ ನಕ್ಕ. ಮರುದಿನ ಮಧ್ಯಾಹ್ನ ಯಾರೂ ನಗಲಿಲ್ಲ.

ಅರಸಿನಮಕ್ಕಿ ದಾಟಿದ ಮೇಲೆ ರಸ್ತೆ ಸಣ್ಣದಾಗುತ್ತದೆ. ಎರಡೂ ಕಡೆ ಅಡಿಕೆ, ರಬ್ಬರು, ಮತ್ತೆ ಅಡಿಕೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಘಟ್ಟ ಎದುರಿಗೆ ನಿಂತುಬಿಡುತ್ತದೆ. ನಾವು ಹೋದಾಗ ಮೇಲಿನ ಅರ್ಧ ಮೋಡದೊಳಗಿತ್ತು. ಆಟೋದವರು ಕೈ ತೋರಿಸಿ "ಅದೇ ನಿಮ್ಮ ಎತ್ತಿನಭುಜ" ಅಂದರು. ಅಲ್ಲಿ ಮೋಡ ಬಿಟ್ಟು ಏನೂ ಕಾಣಲಿಲ್ಲ. ಹೂಂ ಅಂದೆವು.

ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಬುಡದಲ್ಲೇ ಕಪಿಲಾ ನದಿ. ಮೆಟ್ಟಿಲ ಮೇಲೆ ಕೂತು ಅಕ್ಕಿ ಹಾಕಿದರೆ ಮೊಳಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ದೇವರ ಮೀನು, ಇಲ್ಲಿ ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ಕಿಡಿಗೇಡಿಗಳು ನೀರಿಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತಿದ್ದವು. ಆ ಮೀನುಗಳ ನೆನಪಿಗೆ ಊರವರು ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಇನ್ನೊಂದು ನಾನು ನೋಡಿಲ್ಲ.

ನಾವು ಉಳಿದದ್ದು ಒಬ್ಬ ಅಡಿಕೆ ಕೃಷಿಕರ ಮನೆಯಲ್ಲಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಮೋಡ ನೋಡಿ ಮನೆಯವರೆಲ್ಲ ಓಡಾಡುತ್ತಿದ್ದರು, ಟಾರ್ಪಲ್ ಮುಚ್ಚುವುದಾ ಬೇಡವಾ ಅಂತ. ನವೆಂಬರಿನಲ್ಲೂ ಮಳೆ ಬಿಡದಿದ್ದರೆ ಇಲ್ಲಿ ಅದೇ ದೊಡ್ಡ ಚಿಂತೆ. ಈ ವರ್ಷ ಕೊಳೆರೋಗ, ಅದರ ಮೇಲೆ ಎಲೆಚುಕ್ಕಿ ರೋಗ ಅಂತ ಮನೆಯ ಯಜಮಾನರು ಹೇಳಿದರು. ನಾಳೆ ನಮ್ಮ ಜೊತೆ ಬರಬೇಕಾದವರೂ ಸಂಜೆ ಅಲ್ಲಿಗೇ ಬಂದರು. ಐವತ್ತು ದಾಟಿದವರು, ಸಪೂರ ಮೈಯವರು. ಅಡಿಕೆ ಮರ ಹತ್ತುವ ಕೆಲಸ. ಅವರನ್ನು ಅಣ್ಣ ಅಂತಲೇ ಕರೆದೆವು.

ತಮ್ಮ ಎರಡು ನಕ್ಷೆ ತಂದಿದ್ದ. ಒಂದು, ಯಾರೋ ಹಿಂದೆ ನಡೆದು ದಾಖಲಿಸಿದ ಗೆರೆ, ಫೋನಿನಲ್ಲಿ. ಇನ್ನೊಂದು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆ, ದೊಡ್ಡದಾಗಿ ಮುದ್ರಿಸಿದ್ದು. ಆ ಇಲಾಖೆಯ ನಕ್ಷೆ ಪೋರ್ಟಲ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಒಂದು ಎತ್ತರದ ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಕಾಲು ನಿಲ್ಲುವ ಜಾಗ. ಶಿಶಿಲದಿಂದ ಮೇಲಕ್ಕೆ ನೋಡಿದರೆ ಗೆರೆಗಳ ನಡುವೆ ಬೆರಳಿಡಲು ಜಾಗವಿರಲಿಲ್ಲ.

ಜಗಲಿಯ ಮೇಲೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ಹಾಕಿಕೊಂಡು ಕೂತಿದ್ದ ಅಜ್ಜ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಕ್ಕಕ್ಕಿಟ್ಟರು.

"ದಾರಿ ಇದರಲ್ಲಿ ಎಂತ ಹುಡುಕುವುದು? ತೋಡು ಎಡಗೈಗೆ ಇಟ್ಕೊಂಡು ಹೋಗಿ. ಎರಡು ತೋಡು ಕೂಡುವಲ್ಲಿ ನೀರು ಬಿಡಬೇಕು, ಏಣು ಹಿಡೀಬೇಕು. ಹೊರೆ ಇಳಿಸುವ ಕಲ್ಲು ಸಿಕ್ಕಿದರೆ ಸರಿ ಉಂಟು ಅಂತ ಲೆಕ್ಕ." ತೋಡು ಅಂದರೆ ಹಳ್ಳ, ಏಣು ಅಂದರೆ ಬೆಟ್ಟದ ಚಾಚಿದ ಬೆನ್ನು.

"ಸಿಗದಿದ್ದರೆ ಅಜ್ಜ?" ಭಾವ ಕೇಳಿದರು.

"ಸಿಗದಿದ್ರೆ ವಾಪಸ್ ಬನ್ನಿ. ಊಟಕ್ಕೆ ಇರ್ತದೆ."

ಅವರು ಹುಡುಗರಾಗಿದ್ದಾಗ ಕೆಳಗಿಂದ ತೆಂಗಿನಕಾಯಿ, ಉಪ್ಪು, ಒಣಮೀನು ಮೇಲೆ ಹೋಗುತ್ತಿತ್ತಂತೆ. ಮೇಲಿಂದ ಭತ್ತ ಇಳಿಯುತ್ತಿತ್ತಂತೆ. ಸಂಬಂಧಗಳೂ ಹಾಗೆಯೇ, ಹೆಣ್ಣು ಕೊಟ್ಟು ತಂದ ಮನೆಗಳು ಎರಡೂ ಕಡೆ ಇವೆ. ಉತ್ತರಕ್ಕೆ ಚಾರ್ಮಾಡಿ, ದಕ್ಷಿಣಕ್ಕೆ ಶಿರಾಡಿ, ಎರಡರಲ್ಲೂ ಬಸ್ಸು ಓಡತೊಡಗಿದ ಮೇಲೆ ಇಲ್ಲಿ ಹತ್ತುವವರು ಯಾರು?

ರಾತ್ರಿ ಕುಚ್ಚಲಕ್ಕಿ ಅನ್ನ, ಪುನರ್ಪುಳಿ ಸಾರು, ಬಸಳೆ ಪದಾರ್ಥ, ಹಲಸಿನ ಹಪ್ಪಳ. ಪುನರ್ಪುಳಿ ಸಾರನ್ನು ನಾನು ಲೋಟದಲ್ಲಿ ಹಾಕಿಸಿಕೊಂಡು ಕುಡಿದೆ. ಬೆಂಗಳೂರಿನಲ್ಲಿ ಬಾಟಲಿಯಲ್ಲಿ ಸಿಗುವ ಸಿಹಿ ನೀರಿಗೂ ಇದಕ್ಕೂ ಹೆಸರು ಒಂದೇ ಇರುವುದು ಅನ್ಯಾಯ.

ಎರಡನೇ ದಿನ: ಕಾಡು

ಬೆಳಿಗ್ಗೆ ಗಂಜಿ, ತುಪ್ಪ, ಮಿಡಿ ಉಪ್ಪಿನಕಾಯಿ. ಆರೂಕಾಲಿಗೆ ಹೊರಟೆವು. ಬೆಳಕಾಗಿತ್ತು, ಬಿಸಿಲು ಮಾತ್ರ ಇರಲಿಲ್ಲ. ಸೂರ್ಯ ಹುಟ್ಟುವುದು ಬೆಟ್ಟದ ಆಚೆ. ಈ ಮಗ್ಗುಲಿಗೆ ಬಿಸಿಲು ಬರಲು ಎಷ್ಟೋ ಹೊತ್ತು ಬೇಕು. ಸೆಕೆಯಿಲ್ಲದೆ ಏರಬಹುದು ಅನ್ನುವುದು ಲಾಭ. ಇಬ್ಬನಿ ಆರದೆ ಕಲ್ಲೆಲ್ಲ ಜಾರುತ್ತದೆ ಅನ್ನುವುದು ನಷ್ಟ.

ಮೊದಲ ಅರ್ಧ ಗಂಟೆ ತೋಟಗಳ ನಡುವೆ. ಅಡಿಕೆ ಮರದ ಸಂಕಗಳ ಮೇಲೆ ತೋಡು ದಾಟುವುದು, ಇನ್ನೊಬ್ಬರ ಅಂಗಳದಲ್ಲಿ ಹಾಯುವುದು, ನಾಯಿಗೆ ಸಮಾಧಾನ ಹೇಳುವುದು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ, ಎಲ್ಲಿಗೆ? ಭೈರಾಪುರಕ್ಕೆ ಅಂದರೆ ನಮ್ಮ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಕೊನೆಯ ಮನೆಯ ಅಮ್ಮ ಭಾವನ ಶೂ ನೋಡಿ, "ಇದರಲ್ಲಿ ಆಗ್ತದಾ?" ಅಂತ ಕೇಳಿದರು. ಅಣ್ಣನ ಕಾಲಲ್ಲಿ ಇದ್ದದ್ದು ಪ್ಲಾಸ್ಟಿಕ್ ಶೂ, ಸೊಂಟದ ಕೊಕ್ಕೆಯಲ್ಲಿ ಕತ್ತಿ.

ತೋಟ ಮುಗಿದ ಮೇಲೆ ಅಗಲವಾದ ಹಳೆಯ ಮಣ್ಣುರಸ್ತೆ. ಎದೆಯೆತ್ತರ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಬೆಳೆದಿತ್ತು. ಆದರೂ ರಸ್ತೆ ಅಂತ ಗೊತ್ತಾಗುತ್ತಿತ್ತು. ತಮ್ಮನ ಫೋನಿನ ಗೆರೆಯೂ ಅದರ ಮೇಲೇ ಇತ್ತು. ಎಲ್ಲರಿಗೂ ಖುಷಿ. ಎರಡು ತೋಡು ಕೂಡುವ ಜಾಗ ಬಂತು. ರಸ್ತೆ ಆರಾಮವಾಗಿ ಬಲಕ್ಕೆ ಕಣಿವೆಯೊಳಗೆ ಹೋಗುತ್ತಿತ್ತು. ಅಣ್ಣ ಅಲ್ಲಿ ನಿಂತು, ಏನೂ ಇಲ್ಲದ ಕಡೆಗೆ, ಬೆತ್ತದ ಮೆಳೆಯ ಪಕ್ಕ ಮೇಲಕ್ಕೆ ನೋಡಿದರು.

"ಇಲ್ಲಿ."

ತಮ್ಮ ಫೋನು ತೋರಿಸಿದ. ಗೆರೆ ರಸ್ತೆಯ ಮೇಲೇ ಇನ್ನೂ ಮುಂದೆ ಹೋಗಿತ್ತು.

"ಅದು ಕೂಪಿನ ರಸ್ತೆ. ಮರ ತರ್ಲಿಕ್ಕೆ ಮಾಡಿದ್ದು. ಮರ ಮುಗಿದಲ್ಲಿ ರಸ್ತೆಯೂ ಮುಗೀತದೆ. ಭೈರಾಪುರಕ್ಕೆ ಹೋಗ್ಲಿಕ್ಕೆ ಮಾಡಿದ್ದಲ್ಲ ಅದು."

ತಮ್ಮನಿಗೆ ಸಮಾಧಾನ ಆಗಲಿಲ್ಲ. ಅವನೂ ಭಾವನೂ ಬ್ಯಾಗು ಇಟ್ಟು ನೋಡಿಕೊಂಡು ಬರಲು ಹೋದರು. ಹತ್ತು ನಿಮಿಷಕ್ಕೆ ವಾಪಸ್ ಬಂದರು. ಮುಂದೆ ನೀರು ಜಿನುಗುವ ಕರಿ ಬಂಡೆ, ನೇರ ಗೋಡೆ. ರಸ್ತೆ ಅದರ ಬುಡದಲ್ಲಿ ಒಂದು ಚಪ್ಪಟೆ ಜಾಗದಲ್ಲಿ ನಿಂತಿತ್ತಂತೆ, ಲಾರಿ ತಿರುಗಿಸಲು ಮಾಡಿದ ಜಾಗ ಇರಬೇಕು. ಫೋನಿನ ಗೆರೆ ಅಲ್ಲಿಂದ ಮುಂದೆ ಗೋಡೆಯ ಮೇಲೆ ಅಂಕುಡೊಂಕಾಗಿ ಹತ್ತಿತ್ತು. ಅದನ್ನು ದಾಖಲಿಸಿದ ಪುಣ್ಯಾತ್ಮ ಆ ಬಂಡೆ ಹತ್ತಿದನೋ, ಅಥವಾ ಮರಗಳ ಕೆಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗದೆ ಗೆರೆ ಆಚೀಚೆ ಸರಿಯಿತೋ. ದಟ್ಟ ಕಾಡಿನಲ್ಲಿ ಫೋನು ಹತ್ತಾರು ಮೀಟರ್ ತಪ್ಪು ಹೇಳುವುದು ಮಾಮೂಲು. ಬಯಲಿನಲ್ಲಿ ಹತ್ತಾರು ಮೀಟರ್ ಏನೂ ಅಲ್ಲ. ಇಲ್ಲಿ ಅಷ್ಟರಲ್ಲಿ ಒಂದು ಏಣು ಬಿಟ್ಟು ಇನ್ನೊಂದಕ್ಕೆ ಹೋಗಿರುತ್ತೇವೆ.

ಬೆತ್ತದ ಮೆಳೆ ದಾಟುವುದೇ ಒಂದು ಕೆಲಸ. ಬೆತ್ತದ ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಹೋಗುವಾಗ ಬಿಡುತ್ತದೆ, ಎಳೆದರೆ ಹಿಡಿಯುತ್ತದೆ. ಅಂಗಿ ಸಿಕ್ಕಿಕೊಂಡರೆ ಮುಂದೆ ಜಗ್ಗಬಾರದು, ಒಂದು ಹೆಜ್ಜೆ ಹಿಂದೆ ಬಂದು ಬಿಡಿಸಿಕೊಳ್ಳಬೇಕು. ತುಂಬು ತೋಳಿನ ದಪ್ಪ ಅಂಗಿ ಹಾಕಿದ್ದಕ್ಕೆ ಕೈ ಉಳಿಯಿತು.

ಮೆಳೆಯ ಆಚೆ ದೊಡ್ಡ ಮರಗಳ ಕಾಡು. ಕೆಳಗೆ ಗಿಡಗಂಟಿ ಕಡಿಮೆ, ಎಲ್ಲಿ ಬೇಕಾದರೂ ನಡೆಯಬಹುದು. ಕಷ್ಟ ಇರುವುದೇ ಅದರಲ್ಲಿ. ಎಲ್ಲ ಕಡೆ ದಾರಿಯ ಹಾಗೇ ಕಾಣುತ್ತದೆ. ನಾನು ಅಣ್ಣನ ಹಿಂದೆಯೇ ಇದ್ದು ಅವರು ಏನು ನೋಡುತ್ತಾರೆ ಅಂತ ನೋಡತೊಡಗಿದೆ. ಅವರು ದೂರ ನೋಡುತ್ತಲೇ ಇರಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಅಡಿ ಅಗಲದ ತಟ್ಟು ಎಲ್ಲಿದೆ ಅಂತ ಪಾದದಲ್ಲಿ ಹುಡುಕುತ್ತಿದ್ದರು. ತರಗೆಲೆ ತುಂಬಿ ಕಣ್ಣಿಗೆ ಕಾಣದು. ಕಾಲಿಟ್ಟರೆ ಗೊತ್ತಾಗುತ್ತದೆ, ಅಲ್ಲಿ ನೆಲ ಗಟ್ಟಿ, ಪಕ್ಕದಲ್ಲಿ ಮೆತ್ತಗೆ. ಕಡಿದಾದಲ್ಲೆಲ್ಲ ತಟ್ಟು ಎಡಕ್ಕೆ ಬಲಕ್ಕೆ ತಿರುಗಿ ಹತ್ತುತ್ತಿತ್ತು. "ತಲೆಹೊರೆ ಇರುವವ ನೇರ ಹತ್ತುವುದಿಲ್ಲ" ಅಂದರು ಅಣ್ಣ. ಆಮೇಲೆ ನನಗೂ ಒಂದೊಂದು ತಿರುವು ಮುಂಚೆಯೇ ಗೊತ್ತಾಗತೊಡಗಿತು. ಮಂಡಿಗೆ ಸಾಕು ಅನಿಸುವಲ್ಲೇ ದಾರಿ ತಿರುಗುತ್ತಿತ್ತು. ಹೊರೆ ಹೊತ್ತು ಯಾರು, ಎಲ್ಲಿಗೆ ಹೊರಟಿದ್ದರು ಅಂತ ತಲೆಯಲ್ಲಿಟ್ಟುಕೊಂಡರೆ ಅರ್ಧ ದಾರಿ ಸಿಕ್ಕ ಹಾಗೆ. ತಮ್ಮನ ಗೆರೆಗೆ ಆ ಲೆಕ್ಕ ಗೊತ್ತಿರಲಿಲ್ಲ, ಅದಕ್ಕೆ ತುದಿ ಮಾತ್ರ ಗೊತ್ತಿತ್ತು.

ತಿರುವುಗಳಲ್ಲಿ ಅಣ್ಣ ಒಂದು ಸೊಪ್ಪಿನ ಎಸಳು ಮುರಿದು, ನಾವು ಹೋಗದ ಕಡೆಗೆ ಅಡ್ಡ ಇಡುತ್ತಿದ್ದರು. ಹಿಂದೆ ಉಳಿದವರು ಆ ಕಡೆ ಹೋಗಬಾರದು ಅಂತ. ಎರಡು ದಿನಕ್ಕೆ ಒಣಗಿ ಹೋಗುತ್ತದೆ. ಬಣ್ಣದ ರಿಬ್ಬನ್ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ.

ಹತ್ತು ಗಂಟೆ ಹೊತ್ತಿಗೆ ಅಗಲವಾದ, ಸೊಗಸಾದ ದಾರಿಯೊಂದು ಅಡ್ಡ ಬಂತು. ತಮ್ಮನ ಮುಖ ಅರಳಿತು. ಅಣ್ಣ ಕೈಯೆತ್ತಿ ನಿಲ್ಲಿಸಿದರು. ಮರದ ಕಾಂಡಕ್ಕೆ ನಮ್ಮ ತಲೆಗಿಂತ ಎತ್ತರದಲ್ಲಿ ಕೆಸರು ಮೆತ್ತಿತ್ತು. ಮುಂದೆ ಲದ್ದಿ. ಹಳೆಯ ಲದ್ದಿಯಾದರೆ ಮೇಲೆಲ್ಲ ಒಣಗಿ ಹುಳು ಕೊರೆದಿರುತ್ತದೆ, ಅಣಬೆಯೂ ಎದ್ದಿರುತ್ತದೆ. ಇದು ಹಸಿಯಾಗಿ ಹೊಳೆಯುತ್ತಿತ್ತು.

"ಆನೆದಾರಿ ಒಳ್ಳೆ ದಾರಿಯೇ. ಏರು ತಪ್ಪಿಸಿ ಹೋಗ್ತದೆ. ಇವತ್ತು ನಮಗೆ ಬೇಡ."

ಮೇಲಿನ ಬಂಡೆಯೊಂದರ ಮೇಲೆ ಮಾತಾಡದೆ ಕೂತೆವು. ಅರ್ಧ ಗಂಟೆ ಆಗಿರಬಹುದು, ಜಾಸ್ತಿಯೂ ಆಗಿರಬಹುದು. ಕೆಂದಳಿಲೊಂದು ನಮ್ಮ ತಲೆಯ ಮೇಲೆ ಹಲಸಿನ ಜಾತಿಯ ಯಾವುದೋ ಕಾಯಿ ತಿನ್ನುತ್ತಾ ಸಿಪ್ಪೆಯನ್ನು ಸರಿಯಾಗಿ ಭಾವನ ಟೋಪಿಯ ಮೇಲೆ ಹಾಕುತ್ತಿತ್ತು. ಮಂಗಟ್ಟೆಗಳು ಹಾರಿದವು. ರೆಕ್ಕೆ ಬಡಿತದ ಗಾಳಿ ಸದ್ದು ಅವು ಕಾಣುವ ಮೊದಲೇ ಕೇಳಿತು. ಇಂಬಳಗಳಿಗೆ, ಅಂದರೆ ಕಾಡಿನ ಜಿಗಣೆಗಳಿಗೆ, ಇದೇ ಸಮಯ ಬೇಕಾಗಿತ್ತು. ಮಳೆಗಾಲದಷ್ಟು ಇಲ್ಲದಿದ್ದರೂ ತೋಡಿನ ಹತ್ತಿರ ಸಾಕಷ್ಟಿದ್ದವು. ಸುಣ್ಣ ಮತ್ತು ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ಉದುರುತ್ತವೆ. ಹೇಗೆ ಬಿಡಿಸಿದರೂ ಸ್ವಲ್ಪ ಹೊತ್ತು ರಕ್ತ ನಿಲ್ಲುವುದಿಲ್ಲ, ಆಮೇಲೆ ತುರಿಕೆ ಬೇರೆ.

ಮುಂದೆ ಒಂದು ಏರಿನ ತಲೆಯಲ್ಲಿ ಭುಜದೆತ್ತರದ ಚಪ್ಪಟೆ ಕಲ್ಲು ಸಿಕ್ಕಿತು. ಅಣ್ಣ ಅದರ ಮೇಲಿನ ಪಾಚಿ ಸವರಿದರು. ಹೊರೆ ಇಳಿಸುವ ಕಲ್ಲು. ಬಗ್ಗದೆ, ಇನ್ನೊಬ್ಬರ ಸಹಾಯ ಇಲ್ಲದೆ, ತಲೆಯಿಂದ ನೇರ ಜಾರಿಸಿ ಇಡುವ ಎತ್ತರ. ಅವರು ಒಂದು ಎಲೆ ಕಿತ್ತು ಅದರ ಮೇಲಿಟ್ಟರು. ಯಾಕೆ ಅಂತ ಕೇಳಿದೆ. "ಅಪ್ಪ ಇಡ್ತಿದ್ರು" ಅಂದರು. ನಾವೂ ಒಂದೊಂದು ಇಟ್ಟೆವು. ಬೆನ್ನ ಮೇಲಿನ ಬ್ಯಾಗುಗಳನ್ನು ಆ ಕಲ್ಲಿಗೆ ಒರಗಿಸಿ ಅವಲಕ್ಕಿ ಪೊಟ್ಟಣ ಬಿಚ್ಚಿದೆವು.

ಅಲ್ಲೇ ಭಾವನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಡಿ ಪೂರ್ತಿ ಕಳಚಿ ಹಿಮ್ಮಡಿಯಲ್ಲಿ ಮಾತ್ರ ನೇತಾಡುತ್ತಿತ್ತು. ಒಳ್ಳೆಯ ದುಬಾರಿ ಶೂ. ಆದರೆ ನಾಲ್ಕೈದು ವರ್ಷ ಡಬ್ಬಿಯಲ್ಲೇ ಇತ್ತು. ಹಾಕದೆ ಇಟ್ಟ ಶೂಗಳಿಗೆ ಹೀಗೇ ಆಗುತ್ತದೆ. ಗಾಳಿಯ ತೇವಕ್ಕೆ ಅಡಿಯ ಮೆತ್ತನೆ ಪದರ ಒಳಗೊಳಗೇ ಪುಡಿಯಾಗಿರುತ್ತದೆ, ಹೊರಗಿನಿಂದ ಹೊಸದಾಗಿಯೇ ಕಾಣುತ್ತದೆ. ಅಣ್ಣ ಬಳ್ಳಿಯೊಂದನ್ನು ಸೀಳಿ, ಶೂವನ್ನು ಮೂರು ಕಡೆ ಬಿಗಿದು ಕಟ್ಟಿದರು. ಎಡಗಾಲಿನದ್ದನ್ನೂ ಕಟ್ಟಿಬಿಟ್ಟರು. "ಇದು ಚೆನ್ನಾಗಿದೆಯಲ್ಲ" ಅಂದರು ಭಾವ. "ಈಗ" ಅಂದರು ಅಣ್ಣ. ಒಂದು ಗಂಟೆಯಲ್ಲಿ ಅದೂ ಬಿಟ್ಟಿತು.

ಏಣು ಹಿಡಿದು ಹತ್ತುವುದರಲ್ಲಿ ಒಂದು ಧೈರ್ಯ ಇದೆ. ಕೆಳಗೆ ಹತ್ತು ಏಣುಗಳಿದ್ದರೂ ಮೇಲೆ ಹೋದ ಹಾಗೆ ಒಂದಕ್ಕೊಂದು ಕೂಡುತ್ತವೆ. ಸ್ವಲ್ಪ ತಪ್ಪಿದರೂ ಮೇಲೆ ಹೋಗಿ ಸೇರುತ್ತೀರಿ. ಇಳಿಯುವಾಗ ಇದೇ ಉಲ್ಟಾ. ಪ್ರತಿ ಕವಲಿನಲ್ಲೂ ತಪ್ಪು ಏಣು ಹಿಡಿಯುವ ಅವಕಾಶ, ಹಿಡಿದರೆ ಬೇರೆಯೇ ಕಣಿವೆ. ಹೊಸಬರು ಈ ಕಾಡಿನಲ್ಲಿ ಮೇಲಿಂದ ಕೆಳಗೆ ಬರುವ ಯೋಚನೆ ಮಾಡಿದರೆ ನಾನಂತೂ ಬೇಡ ಅನ್ನುತ್ತೇನೆ.

ಎರಡು ಗಂಟೆ ಸುಮಾರಿಗೆ ಮರಗಳು ಗಿಡ್ಡವಾದವು. ಕಾಂಡದ ಮೇಲೆ ಪಾಚಿ ಜಾಸ್ತಿಯಾಯಿತು. ಆಮೇಲೆ ಕಾಡು ಒಮ್ಮೆಗೇ ಮುಗಿದು ಹುಲ್ಲು. ನಾವು ಕಾಯುತ್ತಿದ್ದದ್ದು ಇದಕ್ಕೇ. ಕಾಡಿನಿಂದ ಹೊರಬಂದ ಕೂಡಲೇ ಎದುರಿಗೆ ಎತ್ತಿನಭುಜ ನಿಂತಿರುತ್ತದೆ ಅಂತ ಎಲ್ಲರೂ ಹೇಳಿದ್ದರು. ನಿಂತಿತ್ತೋ ಏನೋ. ಬಿಳಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಮಳೆಯೂ ಬಂತು.

ಇಲ್ಲಿ ಪಾತ್ರಗಳು ಅದಲು ಬದಲಾದವು. ಹುಲ್ಲಿನಲ್ಲಿ ತಟ್ಟು ಇರಲಿಲ್ಲ. ಇದ್ದವು ದನಗಳ ದಾರಿಗಳು, ಅವು ಎಲ್ಲ ದಿಕ್ಕಿಗೂ ಹೋಗಿ ನೀರಿನ ಹತ್ತಿರ ಮುಗಿಯುತ್ತವೆ. ಗುರುತಿಗೆ ಬೆಟ್ಟ ಕಾಣದಿದ್ದರೆ ಅಣ್ಣನಿಗೂ ದಿಕ್ಕು ಹೇಳಲು ಕಷ್ಟ. "ಬಲಗಡೆ ಪ್ರಪಾತ ಉಂಟು, ಅಷ್ಟು ಗೊತ್ತು" ಅಂದರು. ತೆರೆದ ಆಕಾಶದ ಕೆಳಗೆ ತಮ್ಮನ ಫೋನು ಮಾತ್ರ ಈಗ ಸರಿಯಾಗಿ ಜಾಗ ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಏರೋಪ್ಲೇನ್ ಮೋಡಿನಲ್ಲಿ ಇಟ್ಟಿದ್ದಕ್ಕೆ ಚಾರ್ಜ್ ಇತ್ತು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆ ಮಾತ್ರ ಮುಂಚೆಯೇ ಇಳಿಸಿಕೊಂಡಿರಬೇಕು. ಅವನು ಹಾಳೆಯಲ್ಲಿ ನಮ್ಮ ಜಾಗಕ್ಕೆ ಬೆರಳಿಟ್ಟ. ಎರಡು ಗುಡ್ಡಗಳ ನಡುವಿನ ತಗ್ಗು ಈಶಾನ್ಯಕ್ಕಿತ್ತು. ದಿಕ್ಸೂಚಿ ಹಿಡಿದು ಹೊರಟೆವು, ಒಬ್ಬರ ಹಿಂದೆ ಒಬ್ಬರು, ಮುಂದಿನವರು ಮಂಜಿನಲ್ಲಿ ಮರೆಯಾಗುವಷ್ಟು ದೂರ ಬಿಡದೆ. ಬಲಗಡೆಯಿಂದ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಪ್ರಪಾತ ಅಲ್ಲೇ ಇದೆ ಅಂತ ಅದರಿಂದಲೇ ಗೊತ್ತು.

ತಗ್ಗು ಸಿಕ್ಕಿತು. ಆಚೆ ಇಳಿದರೆ ಟಯರಿನ ಗುರುತು, ಚಿಪ್ಸ್ ಪೊಟ್ಟಣ, ಆಮೇಲೆ ಭೈರಾಪುರದ ಭೈರವೇಶ್ವರ ಗುಡಿಯ ಕಲ್ಲಿನ ಗೋಡೆ. ಚಿಪ್ಸ್ ಪೊಟ್ಟಣ ನೋಡಿ ಸಮಾಧಾನ ಆದದ್ದು ನನಗೆ ಅದೇ ಮೊದಲು. ಗಂಟೆ ನಾಲ್ಕಾಗಿತ್ತು.

ಅಣ್ಣನ ಅತ್ತೆ ಮನೆ ಅಲ್ಲೇ ಕೆಳಗಿನ ಊರಿನಲ್ಲಿ. ಅವರು ಅಲ್ಲಿ ಉಳಿದರು. ಅವರ ಲೆಕ್ಕವನ್ನು ಎರಡು ದಿನದ ಕೂಲಿ ಅಂತ ಮೊದಲೇ ಮಾತಾಡಿದ್ದೆವು. ವಾಪಸ್ ಇಳಿಯುವುದೂ ಅವರಿಗೆ ಒಂದು ದಿನದ ಕೆಲಸವೇ, ಅದನ್ನು ಮರೆಯಬಾರದು. ನಾವು ಹೋಂಸ್ಟೇಗೆ ಹೋಗುವ ಮೊದಲು ಅತ್ತೆ ಒಳಗೆ ಕೂರಿಸಿ ಒಲೆಯಿಂದಲೇ ಅಕ್ಕಿ ರೊಟ್ಟಿ ಕೊಟ್ಟರು, ಕಾಯಿ ಚಟ್ನಿ, ದೊಡ್ಡ ಲೋಟದಲ್ಲಿ ಕಾಫಿ. ಒಂದೇ ದಿನದಲ್ಲಿ ಗಂಜಿಯ ಊರಿನಿಂದ ರೊಟ್ಟಿಯ ಊರಿಗೆ ಬಂದಿದ್ದೆವು. ಅತ್ತೆಯ ಮಾತೂ ಅರ್ಧ ಕೆಳಗಿನದು, ಅರ್ಧ ಮೇಲಿನದು. ಮದುವೆಯಾಗಿ ಬಂದಾಗ ಈ ಕಾಡಿನಲ್ಲೇ ಹತ್ತಿ ಬಂದಿದ್ದಂತೆ. "ಎಷ್ಟು ಹೊತ್ತು ಬೇಕಾಯ್ತು ಅತ್ತೆ?" ಅಂದೆ. "ಸೀರೆ ಉಟ್ಕೊಂಡು ಬಂದಿದ್ದು. ಮಧ್ಯಾಹ್ನದ ಊಟಕ್ಕೆ ಇಲ್ಲಿದ್ವಿ." ಭಾವ ತಮ್ಮ ಶೂ ಕಡೆ ನೋಡಿಕೊಂಡರು.

ಮೂರನೇ ದಿನ: ಎತ್ತಿನಭುಜ

ರಾತ್ರಿಯಿಡೀ ಗಾಳಿ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೋರಿಸಿ, ಪ್ಲಾಸ್ಟಿಕ್ ಲೆಕ್ಕ ಕೊಟ್ಟು ಹತ್ತತೊಡಗಿದೆವು. ಭಾವ ಹೋಂಸ್ಟೇಯವರ ರಬ್ಬರ್ ಚಪ್ಪಲಿಯಲ್ಲಿ. ಮೊದಲು ಸ್ವಲ್ಪ ಕಾಡು, ಆಮೇಲೆ ಹುಲ್ಲು, ಕೊನೆಗೆ ಕೈ ಊರಿ ಹತ್ತುವ ಬಂಡೆ. ಬಂಡೆ ಒಣಗಿದ್ದರೆ ಭಯವಿಲ್ಲ. ಇಬ್ಬನಿ ಇದ್ದರೆ ಸ್ವಲ್ಪ ಹೊತ್ತು ಕಾಯುವುದು ಒಳ್ಳೆಯದು.

ತುದಿ ಸುಮಾರು 1,300 ಮೀಟರ್. ನಮ್ಮ ಘಟ್ಟಗಳಲ್ಲಿ ಇದಕ್ಕಿಂತ ಎತ್ತರದ್ದು ಬೇಕಾದಷ್ಟಿವೆ. ಆದರೆ ಇದು ಘಟ್ಟದ ಅಂಚಿನಲ್ಲೇ ನಿಂತಿರುವುದರಿಂದ ಎರಡೂ ಕಡೆ ಕಾಣುತ್ತದೆ. ಪೂರ್ವಕ್ಕೆ ಕಾಫಿ ತೋಟ, ಗದ್ದೆ, ಮಡಚಿದ ಹಸಿರು ಗುಡ್ಡಗಳು. ಪಶ್ಚಿಮಕ್ಕೆ ಒಂದೇ ಸಲ ಕೆಳಗೆ, ಶಿಶಿಲದ ತೋಟಗಳ ಮೇಲೆ ತೆಳ್ಳಗೆ ಮಂಜು. ಪಕ್ಕದಲ್ಲೇ ಅಮೆದಿಕಲ್ಲು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅನಿಸುತ್ತದೆ, ನಡುವೆ ಇಡೀ ಕಣಿವೆ ಇದೆ. ಉತ್ತರಕ್ಕೆ ಬಲ್ಲಾಳರಾಯನ ದುರ್ಗದ ಕಡೆಯ ಸಾಲು, ಅದರ ಹಿಂದೆ ಕುದುರೆಮುಖದ ನೀಲಿ. ದಕ್ಷಿಣಕ್ಕೆ ಒಂಬತ್ತು ಗುಡ್ಡ, ಇನ್ನೂ ಆಚೆ ಕುಮಾರಪರ್ವತ. ನಿನ್ನೆಯ ಮಳೆಯಲ್ಲಿ ಈ ಅಂಚಿನ ಪಶ್ಚಿಮಕ್ಕೆ ಬಿದ್ದ ನೀರು ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿ ಅಂತ ಸುತ್ತಿ ಬಂಗಾಳ ಕೊಲ್ಲಿಗೆ.

ನಾನು ನೋಡುತ್ತಿದ್ದದ್ದು ಮಾತ್ರ ನಾವು ಬಂದ ಕಾಡನ್ನು. ಹಾಳೆ ಬಿಚ್ಚಿ, ತಗ್ಗನ್ನು ಗುರುತಿಸಿ, ಅಲ್ಲಿಂದ ಏಣನ್ನು ಕಣ್ಣಲ್ಲೇ ಇಳಿದೆ. ಏಣು ಸಿಕ್ಕಿತು. ತಮ್ಮ ಹೋಗಿ ನೋಡಿದ ಕರಿ ಬಂಡೆಯೂ ಕಂಡಿತು, ಬಿಸಿಲಿಗೆ ಹೊಳೆಯುತ್ತಿತ್ತು. ದಾರಿ ಎಲ್ಲೂ ಇಲ್ಲ. ಮರದ ತಲೆಗಳು ಕೂಡಿಕೊಂಡು ಒಂದು ಗೆರೆಯ ಸುಳಿವೂ ಬಿಟ್ಟಿರಲಿಲ್ಲ.

ಎಂಟೂವರೆ ಹೊತ್ತಿಗೆ ಬೆಂಗಳೂರಿನ ದೊಡ್ಡ ಗುಂಪೊಂದು ಬಂತು. ನಾವು ಕೆಳಗಿಂದ ಬಂದೆವು ಅಂದರೆ ಒಬ್ಬ ಹುಡುಗ ಕೆಳಗೆ ಇಣುಕಿ, "ಅಲ್ಲಿ ದಾರಿ ಇದೆಯಾ ಸರ್?" ಅಂತ ಭಾವನನ್ನು ಕೇಳಿದ. ಭಾವ ರಬ್ಬರ್ ಚಪ್ಪಲಿಯ ಕಾಲು ಮುಂದಿಟ್ಟು, "ಇರ್ತದೆ, ಹುಡುಕಬೇಕು" ಅಂದರು, ಶಿಶಿಲದಲ್ಲೇ ಹುಟ್ಟಿದವರ ಹಾಗೆ.

ಇಳಿದು ಜೀಪಿನಲ್ಲಿ ಮೂಡಿಗೆರೆ ಕಡೆ ಹೊರಟೆವು. ಡ್ರೈವರ್ ಹೇಳಿದ್ದು ರಸ್ತೆಯ ಮಾತು. ಭೈರಾಪುರದಿಂದ ಶಿಶಿಲಕ್ಕೆ ರಸ್ತೆ ಮಾಡಬೇಕು ಅನ್ನುವ ಪ್ರಸ್ತಾಪ ಹಳೆಯದು. 2018ರ ಆಗಸ್ಟ್‌ನಲ್ಲಿ ಶಿರಾಡಿ, ಮರುವರ್ಷ ಅದೇ ತಿಂಗಳಲ್ಲಿ ಚಾರ್ಮಾಡಿ ಕುಸಿದು ವಾಹನ ನಿಂತ ಮೇಲೆ ಅದಕ್ಕೆ ಮತ್ತೆ ಜೀವ ಬಂತಂತೆ. "ರಸ್ತೆ ಆದ್ರೆ ಧರ್ಮಸ್ಥಳ ಇಲ್ಲೇ ಕೆಳಗೆ ಸರ್. ಊರಿಗೂ ಒಳ್ಳೇದು." ಆಸ್ಪತ್ರೆಗೆ, ಕಾಲೇಜಿಗೆ ಸುತ್ತಿ ಹೋಗುವವರ ಕಷ್ಟ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಆದರೆ ನಿನ್ನೆ ಆ ಇಳಿಜಾರಿನಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ನೀರು ಜಿನುಗುತ್ತಿತ್ತು, ಬೇರುಗಳೇ ಮಣ್ಣನ್ನು ಹಿಡಿದುಕೊಂಡಿದ್ದವು. ಅಲ್ಲಿ ಜೆಸಿಬಿ ಇಳಿದರೆ ಕುಸಿಯುವ ಘಟ್ಟಗಳ ಪಟ್ಟಿಗೆ ಮೂರನೆಯದು ಸೇರುತ್ತದೆ ಅಂತ ನನ್ನ ಅನಿಸಿಕೆ. ಡ್ರೈವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಮಾತು ಹವಾಮಾನಕ್ಕೆ ತಿರುಗಿತು.

ಮೂಡಿಗೆರೆಯಲ್ಲಿ ಬಸ್ಸು ಈಗ ಬರುತ್ತದೆ ಅಂದರು. ಊಟ ಮಾಡಿದೆವು, ಭಾವ ಹೊಸ ಚಪ್ಪಲಿ ಕೊಂಡರು, ಬಸ್ಸು ಬರಲಿಲ್ಲ. ಎರಡು ಗಂಟೆಗೆ ಅಣ್ಣನ ಫೋನು.

"ನಾನು ಮನೆಗೆ ಮುಟ್ಟಿದೆ. ಹನ್ನೊಂದಕ್ಕೇ ಬಂದೆ, ಊಟ ಆಯ್ತು, ಒಂದು ನಿದ್ದೆಯೂ ಆಯ್ತು. ನೀವು ಬೆಂಗಳೂರಿಗೆ ಮುಟ್ಟಿದ್ರಾ?"

"ಇಲ್ಲ ಅಣ್ಣ, ಮೂಡಿಗೆರೆ ಬಸ್‌ಸ್ಟ್ಯಾಂಡಲ್ಲಿ ಇದ್ದೀವಿ" ಅಂದೆ.

"ಎಂತ ಮಾರಾಯ್ರೆ," ಅಂದರು, "ನಡ್ಕೊಂಡೇ ಹೋಗ್ಬಹುದಿತ್ತಲ್ಲ."